ಸಿಮೆಂಟಿನ ಗುಳ್ಳವ್ವ

ಪಟ್ಟಂದೂರು ಅಗ್ರಹಾರದಲ್ಲಿ ಒಂದು ಬುಟ್ಟಿ ಮಣ್ಣು ಸಿಗುವುದಿಲ್ಲ ಎಂದರೆ ಯಾರಾದರೂ ನಕ್ಕಾರು. ಬೀದಿಗೆ ಕಾಲಿಟ್ಟರೆ ಸಾಕು, ಎಲ್ಲಿ ನೋಡಿದರೂ ಅಗೆದು ಗುಡ್ಡೆ ಹಾಕಿದ ಮಣ್ಣೇ. ಒಂದು ಕಡೆ ನೀರಿನ ಪೈಪಿಗೆಂದು ಅಗೆದದ್ದು, ಇನ್ನೊಂದು ಕಡೆ ಕೇಬಲ್ಲಿಗೆಂದು ಅಗೆದದ್ದು, ಮತ್ತೊಂದು ಕಡೆ ಯಾಕೆ ಅಗೆದದ್ದೆಂದು ಅಗೆದವರಿಗೇ ಮರೆತುಹೋದದ್ದು. ಆದರೆ ಮಲಕವ್ವನಿಗೆ ಬೇಕಾಗಿದ್ದುದು ಆ ಜಲ್ಲಿ ಬೆರೆತ ಮಣ್ಣಲ್ಲ. ಕಲಸಿದರೆ ಕೈಗೆ ಬರಬೇಕು, ಉಂಡೆ ಕಟ್ಟಿದರೆ ನಿಲ್ಲಬೇಕು, ಮೂಗು ತಿದ್ದಿದರೆ ಮೂಗಾಗಿಯೇ ಉಳಿಯಬೇಕು, ಅಂಥ ಮಣ್ಣು. ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಆಷಾಢದ ಮೊದಲ ಮಂಗಳವಾರ ಹತ್ತಿರ ಬಂದಿತ್ತು. ಮುದ್ದೇಬಿಹಾಳದ ಕಡೆಯ ಅವಳ ಊರಿನಲ್ಲಿ ಆ ದಿನ ಹೆಣ್ಣುಮಕ್ಕಳಿರುವ ಮನೆಯಲ್ಲೆಲ್ಲ ಗುಳ್ಳವ್ವ ಕೂರಬೇಕು.

ಗುಳ್ಳವ್ವ ಎಂದರೆ ದೊಡ್ಡ ದೇವರೇನಲ್ಲ. ಅವಳಿಗೆ ಗುಡಿಯಿಲ್ಲ, ಪೂಜಾರಿಯಿಲ್ಲ. ಮಕ್ಕಳು ತಾವೇ ಮಣ್ಣಿನಲ್ಲಿ ಮಾಡಿಕೊಳ್ಳುವ ಗೇಣುದ್ದದ ಹೆಣ್ಣುದೇವರು ಅವಳು. ಆಷಾಢದ ಒಂದೊಂದು ಮಂಗಳವಾರವೂ ಹೊಸದಾಗಿ ಬರುತ್ತಾಳೆ, ಕಾಳಿನ ಸರ ಹಾಕಿಸಿಕೊಳ್ಳುತ್ತಾಳೆ, ಮಕ್ಕಳ ತಟ್ಟೆಯಲ್ಲಿ ಕೂತು ಓಣಿಯ ಮನೆಮನೆಗೆ ಹೋಗಿಬರುತ್ತಾಳೆ, ಮರುದಿನ ನೀರಿನಲ್ಲಿ ಕರಗಿ ಹೋಗುತ್ತಾಳೆ. ಕೊನೆಯ ವಾರ ಮಾತ್ರ ಅವಳನ್ನು ಹಾಗೆ ಸುಮ್ಮನೆ ಕಳಿಸುವಂತಿಲ್ಲ. ಬುತ್ತಿ ಕಟ್ಟಿಕೊಂಡು ಹಳ್ಳದ ದಂಡೆಗೆ ಹೋಗಿ, ಅವಳನ್ನು ನೀರಿಗೆ ಬಿಟ್ಟು, ಅಲ್ಲೇ ಕೂತು ಉಂಡು ಬರಬೇಕು.

"ರೇವಣಾ, ನೀ ಕೆಲಸ ಮಾಡೂ ಕಡೆ ತೆಳಗ ಅಗ್ಯಾಕತ್ತಾರಲ್ಲ, ಅಲ್ಲೀದು ಒಂದು ಬುಟ್ಟಿ ಮಣ್ಣು ತರ್ತಿಯೇನಪಾ?" ಎಂದು ಮಲಕವ್ವ ಮಗನನ್ನು ಕೇಳಿದಳು.

ರೇವಣಸಿದ್ದ ಅಪಾರ್ಟ್‌ಮೆಂಟುಗಳ ಗೋಡೆಗೆ ಗಿಲಾವು ಬಳಿಯುವ ಮೇಸ್ತ್ರಿ. ಚಹಾ ಕುಡಿಯುತ್ತಿದ್ದವನು ನಕ್ಕುಬಿಟ್ಟ. "ಯವ್ವಾ, ಬೇಸ್‌ಮೆಂಟಿನ ಮಣ್ಣಿಲೆ ದೇವರ ಮಾಡ್ತಿ?"

"ಬೇಸ್‌ಮೆಂಟೋ ಗೀಸ್‌ಮೆಂಟೋ, ಭೂಮಿತಾಯಿ ಎಲ್ಲಾ ಕಡೆ ಒಬ್ಬಾಕೀನ. ತಗೊಂಡು ಬಾ ಸುಮ್ನ."

ಒಲೆಯ ಮುಂದಿದ್ದ ಸೊಸೆ ಸವಿತಾ ಅನ್ನದ ಪಾತ್ರೆ ಇಳಿಸಿದಳು. ಅತ್ತೆಯ ಜೊತೆ ಅವಳು ಮಾತಾಡುವುದೇ ಕಡಿಮೆಯಾಗಿತ್ತು. ಸಂಕ್ರಾಂತಿ ಮುಗಿದ ಮೇಲಿನ ಒಂದು ಬೆಳಗ್ಗೆ, ಸವಿತಾ ಐಟಿ ಪಾರ್ಕಿನಲ್ಲಿ ನೆಲ ಒರೆಸುತ್ತಿದ್ದ ಹೊತ್ತಿನಲ್ಲಿ, ಇದೇ ಕೋಣೆಯಲ್ಲಿ ಮಲಕವ್ವ ಜೋಳದ ರೊಟ್ಟಿಗೆ ಎಸರು ಇಟ್ಟಿದ್ದಳು. ಹಿಟ್ಟಿನ ಡಬ್ಬಿಗೆಂದು ಈ ಕಡೆ ತಿರುಗಿದಾಗ, ಆರು ವರ್ಷದ ಮೊಮ್ಮಗಳು ಭಾಗಿ ಆ ಕಡೆ ಪಾತ್ರೆಯೊಳಗೆ ಬಿದ್ದ ಚಮಚ ತೆಗೆಯಲು ಕೈ ಹಾಕಿದಳು. ಬಲಗೈ, ಅದೂ ಅಂಗೈಯೇ ಬೆಂದುಹೋಯಿತು. ಗಾಯವೇನೋ ಮಾಗಿತು, ಆದರೆ ಬೆರಳು ಮಡಚಿಕೊಂಡವು ಮಡಚಿಕೊಂಡೇ ಉಳಿದವು. ಮಗು ಆ ಮುಷ್ಟಿಯನ್ನು ಫ್ರಾಕಿನೊಳಗೆ ಬಚ್ಚಿಟ್ಟುಕೊಂಡು ಓಡಾಡತೊಡಗಿತು. ಊಟ ಎಡಗೈಯಲ್ಲಿ, ಆಟ ಎಡಗೈಯಲ್ಲಿ, ಶಾಲೆಯಲ್ಲಿ ಅಕ್ಷರವೂ ಎಡಗೈಯಲ್ಲಿ.

ಆಸ್ಪತ್ರೆಯ ಡಾಕ್ಟರು ಹೇಳಿದ್ದು ಸವಿತಾಳಿಗೆ ಬಾಯಿಪಾಠವಾಗಿತ್ತು. "ಚರ್ಮ ಅಷ್ಟೇನೂ ಬಿಗಿದಿಲ್ಲಮ್ಮ. ಮಗು ಹೆದ್ರಿಕೊಂಡು ಕೈ ಮುಚ್ಚಿಟ್ಕೊಂಡಿದೆ, ಅದಕ್ಕೆ ಬಿಗೀತಾ ಇದೆ. ದಿನಾ ಎಣ್ಣೆ ಹಚ್ಚಿ ಬೆರಳು ಬಿಡಿಸಿ. ಆಗಸ್ಟ್ ಮೊದಲ್ನೇ ವಾರ ಬನ್ನಿ. ಆಗಲೂ ಹೀಗೇ ಇದ್ರೆ ಅಂಗೈ ಕುಯ್ದು, ತೊಡೆ ಚರ್ಮ ತೆಗೆದು ಹಾಕ್ಬೇಕಾಗುತ್ತೆ."

ಅಂದಿನಿಂದ ಮನೆಯಲ್ಲಿ ಎರಡು ವಿಷಯ ಬದಲಾದವು. ಮಲಕವ್ವ ರೊಟ್ಟಿ ಬಡಿಯುವುದನ್ನು ಬಿಟ್ಟಳು. ಹಂಚನ್ನು ತೊಳೆದು ಮಂಚದ ಕೆಳಗೆ ತಳ್ಳಿದವಳು ಮತ್ತೆ ತೆಗೆಯಲಿಲ್ಲ. ಅನ್ನ, ಸಾರು, ಅಂಗಡಿಯ ಚಪಾತಿ, ಇವೇ ಊಟ. ಇನ್ನೊಂದು, ದಿನಾ ಸಂಜೆ ಆ ಕೋಣೆಯಿಂದ ಮಗುವಿನ ಚೀರಾಟ. ಸವಿತಾ ಕೊಬ್ಬರಿ ಎಣ್ಣೆ ಹಚ್ಚಿ ಒಂದೊಂದೇ ಬೆರಳನ್ನು ಎಳೆಯುತ್ತಿದ್ದಳು.

"ಬಿಡವ್ವಾ! ನಾ ಒಲ್ಲೆ! ಆಯೀ, ಬಿಡಸು ಬಾ!"

"ಸುಮ್ನಿರು ಭಾಗೀ. ಆಪರೇಷನ್ ಬೇಕೇನು ನಿನಗ?"

ಆಯಿ, ಅಂದರೆ ಅಜ್ಜಿ ಮಲಕವ್ವ, ಬರುತ್ತಿರಲಿಲ್ಲ. ಮೂರು ವರ್ಷದ ಮೊಮ್ಮಗ ಲಿಖಿತನನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದಳು. ಮಗು ಮುಷ್ಟಿಯನ್ನು ಇನ್ನಷ್ಟು ಬಿಗಿ ಮಾಡುತ್ತಿತ್ತು. ಎಣ್ಣೆ ಬಾಟಲಿ ಮುಚ್ಚುವಾಗ ಸವಿತಾಳ ಕಣ್ಣಲ್ಲೂ ನೀರು ತುಂಬಿರುತ್ತಿತ್ತು.

ಮೊದಲ ಮಂಗಳವಾರ ಅವಳು ಶಿಫ್ಟ್ ಮುಗಿಸಿ ಬರುವಷ್ಟರಲ್ಲಿ ಮನೆಯ ಮಾಲಕಿ ಕೃಷ್ಣಮ್ಮ ಅಂಗಳದಲ್ಲೇ ತಡೆದಳು.

"ಏನಮ್ಮ ಸವಿತಾ, ನಿಮ್ಮತ್ತೆ ನಲ್ಲಿ ಹತ್ರ ಕೂತ್ಕೊಂಡು ಕೆಸರು ಕಲಸ್ತಾ ಇದಾರೆ! ಪೈಪ್ ಕಟ್ಕೊಂಡ್ರೆ ಯಾರಮ್ಮ ಬಂದು ತೆಗೆಯೋರು?"

"ಹೇಳ್ತೀನಿ ಅಕ್ಕಾ."

ಕೋಣೆಯಲ್ಲಿ ನೋಡಿದರೆ ನೆಲವೆಲ್ಲ ಕೆಂಪು. ಲಿಖಿತನ ಮೂತಿ ಕೆಂಪು, ಗೋಡೆಯ ಮೇಲೆ ಅವನ ಐದಾರು ಕೈಗುರುತು. ನಡುವೆ ಒಂದು ಸ್ಟೀಲ್ ತಟ್ಟೆಯಲ್ಲಿ ಸೊಟ್ಟ ಮೂಗಿನ, ತೊಗರಿಕಾಳಿನ ಕಣ್ಣಿನ ಗುಳ್ಳವ್ವ ಕೂತಿದ್ದಳು. ಭಾಗಿ ಎಡಗೈಯಲ್ಲಿ ಅವಳಿಗೆ ಸಾಸಿವೆಯ ಸರ ಒತ್ತುತ್ತಿದ್ದಳು. ಬಲಗೈ ಎಂದಿನಂತೆ ಫ್ರಾಕಿನೊಳಗೆ.

"ಅತ್ತಿ, ಡಾಕ್ಟ್ರು ಕೈ ಸ್ವಚ್ಛ ಇಡ್ರಿ ಅಂದಾರ. ನೀವು ಕೆಸರಾಗ ಕುಂಡ್ರಿಸೀರಲ್ಲ?"

"ಆ ಕೈ ಹಚ್ಚಿಲ್ಲವ್ವಾ ಆಕಿ. ಬರೇ ಎಡಗೈಲೆ ಮಾಡ್ಯಾಳ."

"ಎಡಗೈಲೆ ಎಲ್ಲಾ ಮಾಡಿಸಿದ್ರ ಬಲಗೈ ಯಾವಾಗ ತಗೀತಾಳ್ರಿ?"

ಮಲಕವ್ವ ಎದ್ದಳು. ಬಟ್ಟೆ ಹಿಂಡಿ ನೆಲ ಒರೆಸತೊಡಗಿದಳು. ಮರುದಿನ ಬೆಳಗ್ಗೆ ಭಾಗಿಯ ಅಳು ಕೇಳಿ ಎಲ್ಲರೂ ಎದ್ದರು. ಬೇಸ್‌ಮೆಂಟಿನ ಮಣ್ಣು ಒಣಗಿ ಗುಳ್ಳವ್ವನ ಹೊಟ್ಟೆ ಅಡ್ಡಡ್ಡ ಸೀಳಿತ್ತು.

"ಮುಂದಿನ ವಾರ ಇನ್ನೂ ಛಂದ ಕಲಸೂಣು ತಗೋ. ಈ ಮಣ್ಣು ಬಾಳ ಹಟಮಾರಿ ಐತಿ, ಹೊಡತಾ ಕೇಳತೈತಿ," ಎಂದು ಮಲಕವ್ವ ಸಮಾಧಾನ ಮಾಡಿದಳು.

ಎರಡನೆಯ ಮಂಗಳವಾರ ಸವಿತಾ ಮೆಟ್ಟಿಲು ಹತ್ತುವಾಗಲೇ ಧಪ್ ಧಪ್ ಎಂಬ ಸದ್ದು ಕೇಳಿಸಿತು. ಬಾಗಿಲಲ್ಲಿ ನಿಂತು ನೋಡಿದಳು. ಹಿಟ್ಟು ನಾದುವ ಪರಾತದಲ್ಲಿ ಮಣ್ಣಿನ ಮುದ್ದೆ. ಅದರ ಮುಂದೆ ಮೊಣಕಾಲೂರಿ ಕೂತಿದ್ದ ಭಾಗಿ ಬಲಗೈ ಮುಷ್ಟಿಯನ್ನು ತಲೆಯ ಮೇಲೆತ್ತಿ ಗುದ್ದುತ್ತಿದ್ದಳು. ಬಲಗೈ! ಫ್ರಾಕಿನಿಂದ ಹೊರಗೆ ಬಂದು, ತೋಳಿನವರೆಗೆ ಕೆಸರು ಮೆತ್ತಿಕೊಂಡಿದ್ದ ಬಲಗೈ!

"ಹಾಂ, ಹಂಗ! ನಿನ್ನಂಥ ಮುಷ್ಟಿ ನನಗೆಲ್ಲಿ ಐತಿ? ಯಾರ ಮ್ಯಾಲೆ ಸಿಟ್ಟೈತಿ ಹೇಳಿ ಹಾಕು," ಎಂದು ಮಲಕವ್ವ ಹುರಿದುಂಬಿಸುತ್ತಿದ್ದಳು.

"ಡಾಕ್ಟರ್ ಮ್ಯಾಲೆ!" ಧಪ್.

"ಮತ್ತ?"

"ಅವ್ವನ ಮ್ಯಾಲೆ!" ಧಪ್. "ಎಣ್ಣಿ ಹಚ್ಚಿ ಎಳೀತಾಳ!" ಧಪ್, ಧಪ್.

ಸವಿತಾಳಿಗೆ ಎದೆಗೇ ಬಿದ್ದ ಹಾಗಾಯಿತು. ಆದರೂ ಚಪ್ಪಲಿ ಬಿಡುವುದನ್ನೂ ಮರೆತು ನಿಂತೇ ಇದ್ದಳು. ಐದು ತಿಂಗಳಿಂದ ತಾನು ಎಳೆದೆಳೆದು ಸೋತ ಕೈ, ಯಾರೂ ಎಳೆಯದೆ ತಾನಾಗಿ ಬೆಳಕಿಗೆ ಬಂದಿತ್ತು. ಗುದ್ದಿ ಗುದ್ದಿ ಮೆತ್ತಗಾದ ಮಣ್ಣು ಬೆರಳ ಸಂದಿಯಿಂದ ಮುಷ್ಟಿಯೊಳಗೇ ನುಗ್ಗಿತು. ಮಗು ಆಟ ನಿಲ್ಲಿಸಿ, ಮುಖ ಕಿವುಚಿ, ಒಳಗೆ ಸಿಕ್ಕಿಕೊಂಡ ಮಣ್ಣನ್ನು ತೆಗೆಯಲು ತನ್ನ ಬೆರಳನ್ನು ತಾನೇ ಬಿಡಿಸಿಕೊಂಡಿತು. ಸ್ವಲ್ಪವೇ, ಒಂದು ಕಡಲೆಕಾಳು ಹಿಡಿಯುವಷ್ಟು. ಅಳಲಿಲ್ಲ, ಚೀರಲಿಲ್ಲ.

ಆ ಸಂಜೆ ಅವಳು ಎಣ್ಣೆ ಬಾಟಲಿ ತೆಗೆಯಲಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಮಗಳ ಕೈ ಇರಿಸಿ ಕೆಸರು ತೊಳೆದಳು. ಮಗು ಕೈಯನ್ನು ಬಿಟ್ಟುಕೊಟ್ಟಿತು. ಊಟಕ್ಕೆ ಕೂತಾಗ ಅತ್ತೆಯ ತಟ್ಟೆಗೆ ಕೇಳದೆಯೇ ಮೊಸರು ಬಡಿಸಿದಳು. ಮಲಕವ್ವ ತಟ್ಟೆಯನ್ನು ನೋಡಿದಳು, ಸೊಸೆಯನ್ನು ನೋಡಿದಳು, ಕಲಸಿ ಉಂಡಳು.

ಇಷ್ಟಕ್ಕೇ ಎಲ್ಲ ಸರಿಹೋಗುತ್ತಿತ್ತೇನೋ. ಆದರೆ ಎರಡನೆಯ ಗುಳ್ಳವ್ವನ ತೋಳೂ ರಾತ್ರಿ ಬೆಳಗಾಗುವುದರೊಳಗೆ ಬಿರಿದು ಉದುರಿತು. ಅದನ್ನು ನೋಡಿ ಅವಮಾನವಾದದ್ದು ರೇವಣಸಿದ್ದನಿಗೆ.

"ಹತ್ತಂತಸ್ತಿನ ಬಿಲ್ಡಿಂಗಿಗೆ ಗಿಲಾವು ಮಾಡಾಂವ ನಾನು. ನನ್ನ ಮಗಳ ಗುಳ್ಳವ್ವ ಬಿರುಕು ಬಿಡೂದಂದ್ರ ಏನು? ಮುಂದಿನ ವಾರ ಮಣ್ಣು ನಾ ಹದಾ ಮಾಡಿ ತರ್ತೀನಿ. ನೋಡ್ತಿರ್ರಿ."

ತಂದ. ನುಣ್ಣಗೆ ಜರಡಿ ಹಿಡಿದು ತಂದ. ಮೂರನೆಯ ಮಂಗಳವಾರದ ಗುಳ್ಳವ್ವ ಹಿಂದಿನ ಇಬ್ಬರನ್ನೂ ಮೀರಿಸಿದಳು. ಮೂಗು ಮೂಗಿನಂತೆ, ಕಿವಿ ಕಿವಿಯಂತೆ, ಸೊಂಟದಲ್ಲಿ ಡಾಬು ಬೇರೆ. ಭಾಗಿ ಮಧ್ಯಾಹ್ನವೆಲ್ಲ ಗುದ್ದಿದಳು, ತಿಕ್ಕಿದಳು, ತೀಡಿದಳು. ಸಂಜೆ ವಠಾರದ ಮಕ್ಕಳನ್ನು ಕಟ್ಟಿಕೊಂಡು, ತಟ್ಟೆ ಹಿಡಿದು ಮನೆಮನೆಗೆ ಹೊರಟಳು. ಎಡಗೈ ತಟ್ಟೆಯ ಅಂಚಿಗೆ, ಬಲ ಮುಷ್ಟಿ ತಟ್ಟೆಯ ಕೆಳಗೆ. ಒಡಿಶಾದವರ ಮನೆಯಲ್ಲಿ ಮಂಡಕ್ಕಿ ಕೊಟ್ಟರು, ತಮಿಳರ ಮನೆಯಲ್ಲಿ ಹೂವು ಮುಡಿಸಿದರು. ಕೃಷ್ಣಮ್ಮ ಕೂಡ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, "ಪರ್ವಾಗಿಲ್ವೇ, ಲಕ್ಷಣವಾಗಿದಾಳೆ," ಎಂದಳು.

ಮನೆಗೆ ಬಂದ ಭಾಗಿ ತಟ್ಟೆ ಇಳಿಸಿ ಮೆಲ್ಲಗೆ ಹೇಳಿದಳು: "ಅವ್ವಾ, ಕೈ ಉರಿಯಾಕತ್ತೈತಿ."

ತೊಳೆದು ನೋಡಿದರೆ ಹೊಸ ಚರ್ಮವೆಲ್ಲ ಕೆಂಪಗೆ ಕೆರಳಿ, ಅಲ್ಲಲ್ಲಿ ಸುಲಿದಿತ್ತು. ಸವಿತಾ ಮಗುವನ್ನು ಎತ್ತಿಕೊಂಡು ಕ್ಲಿನಿಕ್ಕಿಗೆ ಓಡಿದಳು. ಅಲ್ಲಿಯ ನರ್ಸು ಮುಲಾಮು ಹಚ್ಚಿ, "ಏನು ಮುಟ್ಟಿದ್ಲು?" ಎಂದು ಕೇಳಿದಾಗ ಇವಳಿಗೆ ಗೊತ್ತಿಲ್ಲ. ಗೊತ್ತಾದದ್ದು ಮರುದಿನ. ಮಲಕವ್ವ ಗುಳ್ಳವ್ವನನ್ನು ಬಕೆಟ್ಟಿನ ನೀರಿಗೆ ಬಿಟ್ಟಳು. ಅವಳು ಮುಳುಗಿದಳು, ತಳದಲ್ಲಿ ಕೂತಳು, ಕೂತೇ ಇದ್ದಳು. ಮಧ್ಯಾಹ್ನವಾದರೂ ಕರಗಲಿಲ್ಲ. ಸಂಜೆಗೆ ಮಲಕವ್ವ ಅವಳನ್ನೆತ್ತಿ ಉಗುರಿನಿಂದ ಕೆರೆದಳು. ಉಗುರು ಮುರಿಯಿತು.

"ರೇವಣಾ! ಏನು ಕೂಡಿಸಿದಿ ಇದರಾಗ?"

ಆಗಷ್ಟೇ ಕೆಲಸದಿಂದ ಬಂದಿದ್ದ ರೇವಣಸಿದ್ದ ತಲೆ ಕೆರೆದುಕೊಂಡ. "ಏನಿಲ್ಲವ್ವಾ... ಬಿರುಕು ಬಿಡಬಾರದಂತ... ಒಂದ ಬೊಗಸಿ ಸಿಮೆಂಟು."

"ಸಿಮೆಂಟು!" ಸವಿತಾ ಎದ್ದು ನಿಂತಳು. "ನಿಮ್ಮ ಕೈ ನೋಡ್ಕೋರಿ ಒಮ್ಮೆ, ಸಿಮೆಂಟು ತಿಂದು ಹೆಂಗಾಗ್ಯಾವ! ಆಕಿ ಕೈ ಏನು ಗಿಲಾವು ಬಳಿಯೂ ತಾಪಿ ಅಂತ ತಿಳಿದೀರೇನು?"

"ತಪ್ಪಾತು ಮಾರಾಯ್ತಿ. ಆಕೀ ಖುಷಿಗಂತ ಮಾಡಿದೆ."

"ನಿಮಗ ಖುಷಿ, ನಿಮ್ಮವ್ವಗ ಖುಷಿ! ಅತ್ತಿ, ಅವತ್ತು ಸುಟ್ಟಿದ್ದೂ ನಿಮ್ಮ ಮುಂದ. ಇವತ್ತು ಸುಲಿದದ್ದೂ ನಿಮ್ಮ ಮುಂದ. ಇನ್ನ ಈ ಮನ್ಯಾಗ ಮಣ್ಣು ಬರಬಾರದು. ಇಲ್ಲಿಗೇ ಮುಗೀತು."

ಸಂಕ್ರಾಂತಿಯಿಂದ ಗಂಟಲಲ್ಲಿ ಹಿಡಿದಿಟ್ಟುಕೊಂಡಿದ್ದ ಮಾತು ಹೊರಗೆ ಬಿದ್ದಿತ್ತು. ಮಲಕವ್ವ, "ಹೌದವ್ವಾ," ಎಂದಳು, ಅಷ್ಟೇ. ಗುಳ್ಳವ್ವನನ್ನು ಸೆರಗಿನಲ್ಲಿ ಒರೆಸಿ ಬಾಗಿಲ ಪಕ್ಕ ಇಟ್ಟು, ಪಾತ್ರೆ ತೊಳೆಯಲು ಹೋದಳು.

ಭಾಗಿಯ ಕೈ ಮತ್ತೆ ಫ್ರಾಕಿನೊಳಗೆ ಸೇರಿತು. ಚರ್ಮದ ಕೆಂಪು ಎರಡು ಮೂರು ದಿನಕ್ಕೆ ಇಳಿಯಿತು, ಆದರೆ ಮುಷ್ಟಿ ಬಿಗಿದದ್ದು ಬಿಗಿದೇ ಇತ್ತು. ಆಗಸ್ಟ್ ಹತ್ತಿರ ಬರುತ್ತಿತ್ತು. ಅಂಗೈ ಕುಯ್ಯುವುದನ್ನು ನೆನೆದರೆ ಸವಿತಾಳಿಗೆ ಅನ್ನ ಸೇರುತ್ತಿರಲಿಲ್ಲ. ವಿಚಿತ್ರವೆಂದರೆ ಮಗುವಿಗೆ ತನ್ನ ಕೈಯ ಚಿಂತೆಯೇ ಇಲ್ಲ. ಅದಕ್ಕೆ ಬೇರೆಯೇ ಚಿಂತೆ.

"ಅವ್ವಾ, ಗುಳ್ಳವ್ವ ನೀರಾಗ ಹೋಗಲೇ ಇಲ್ಲಲ್ಲ. ಹೋಗದಾಕಿ ಮತ್ತ ಹೆಂಗ ಬರ್ತಾಳ?"

"ಉಣ್ಣು ಸುಮ್ನ."

"ಆಯಿ, ನೀ ಹೇಳು. ಆಕಿ ಊರಿಗೆ ಹೋಗಬೇಕಿತ್ತಲ್ಲ? ಆಕಿ ಅವ್ವ ದಾರಿ ನೋಡ್ತಿರ್ತಾಳ ಇಲ್ಲೋ?"

ಮಲಕವ್ವ ಸೊಸೆಯ ಮುಖ ನೋಡಿ, ಮಗುವಿನ ತಟ್ಟೆಗೆ ಸಾರು ಹಾಕಿದಳು. ಅಪ್ಪನಂತೂ ತಟ್ಟೆಯಿಂದ ತಲೆ ಎತ್ತಲಿಲ್ಲ. ಮಗು ದಿನಾ ಶಾಲೆಗೆ ಹೋಗುವಾಗ ಬಾಗಿಲ ಪಕ್ಕ ಬಗ್ಗಿ, ಕಲ್ಲಾಗಿ ಕೂತ ದೇವರಿಗೆ, "ನಮ್ಮಪ್ಪಗ ತಿಳೀಲಿಲ್ಲ, ಸಿಟ್ಟಾಗಬ್ಯಾಡ," ಎಂದು ಹೇಳಿ ಹೋಗುತ್ತಿತ್ತು. ಸವಿತಾ ಅದನ್ನು ಕೇಳಿಸಿಕೊಂಡಳು. ಕೇಳಿಸಿಕೊಂಡ ಮೇಲೆ ಕೆಲಸದಲ್ಲಿ ಕೈ ಓಡಲಿಲ್ಲ.

ಐಟಿ ಪಾರ್ಕಿನ ಕುಂಡಗಳಿಗೆ ನೀರು ಹಾಕುವ ಅಂಬರೀಶ್ ಸರ್ಜಾಪುರದ ಕಡೆಯವನು. ಲಿಫ್ಟಿನ ಬಳಿ ಸಿಕ್ಕಾಗ ಸವಿತಾ ಕೇಳಿಯೇಬಿಟ್ಟಳು. ಬೆಂಗಳೂರಿನವರ ಜೊತೆ ಅವಳದು ಬೆಂಗಳೂರಿನ ಮಾತೇ.

"ಅಣ್ಣಾ, ನಿಮ್ಮೂರ ಕೆರೆ ಮಣ್ಣು ಕಲಸಿ ಗೊಂಬೆ ಮಾಡಿದ್ರೆ ಬಿರುಕು ಬಿಡುತ್ತಾ?"

"ಅಯ್ಯೋ, ಜೇಡಿ ಕಣಕ್ಕ ಅದು. ಅಂಟ್ಕೊಂಡ್ರೆ ಬಿಡಲ್ಲ. ಯಾಕೆ, ಒಲೆ ಹಾಕ್ತೀರಾ?"

"ಮಗಳಿಗೆ."

ಸೋಮವಾರ ಅವನು ಎರಡು ಕ್ಯಾರಿಬ್ಯಾಗ್ ತುಂಬ ತಂದುಕೊಟ್ಟ. ಕಪ್ಪಗೆ, ತಣ್ಣಗೆ, ತೂಕವಾಗಿತ್ತು. ಆದರೆ ಒಮ್ಮೆ ಮೋಸಹೋದವಳು ಸವಿತಾ. ಒಂದು ಉಂಡೆ ನಾದಿ ತನ್ನ ಬಲ ಅಂಗೈಯಲ್ಲಿಟ್ಟುಕೊಂಡು, ಮೇಲೆ ರಬ್ಬರ್ ಗ್ಲೌಸ್ ಹಾಕಿಕೊಂಡು ಇಡೀ ಶಿಫ್ಟು ಹಾಗೇ ಕೆಲಸ ಮಾಡಿದಳು.

"ಏನ್ರೀ ಸವಿತಾ, ಕೈಗೇನಾಯ್ತು? ಊದಿದೆಯಲ್ಲ?" ಎಂದು ಸೂಪರ್‌ವೈಸರ್ ಹೇಮಲತಾ ನಿಲ್ಲಿಸಿದಳು.

"ಮಣ್ಣು ಮೇಡಂ."

"ಮಣ್ಣಾ? ಒಂದು ಕಡೆ ಮಣ್ಣು ಕಂಡ್ರೂ ಕಂಪ್ಲೇಂಟ್ ಬರುತ್ತೆ ಈ ಫ್ಲೋರಲ್ಲಿ! ನೀವು ಗ್ಲೌಸಲ್ಲಿ ತುಂಬ್ಕೊಂಡು ಓಡಾಡ್ತಿದೀರಾ?"

"ಒಂದು ಚೂರೂ ಬೀಳಲ್ಲ ಮೇಡಂ. ಆಣೆ."

ಹೇಮಲತಾ ತಲೆ ಚಚ್ಚಿಕೊಂಡು ಹೋದಳು. ಮಣ್ಣು ಅಂಗೈಯ ಬಿಸಿಗೆ ಬೆಚ್ಚಗಾಗಿ, ಮಾಪಿನ ಕೋಲು ಹಿಡಿದಾಗಲೆಲ್ಲ ಬೆರಳ ಸಂದಿಗೆ ಸರಿದು, ಬಿಟ್ಟಾಗ ವಾಪಸು ಬಂದು ಕೂರುತ್ತಿತ್ತು. ತಾನೂ ಸಣ್ಣವಳಿದ್ದಾಗ ಗುಳ್ಳವ್ವನ ತಟ್ಟೆ ಹಿಡಿದು ಓಣಿ ಸುತ್ತಿದ್ದು ಸವಿತಾಳಿಗೆ ಎಷ್ಟೋ ವರ್ಷದ ಮೇಲೆ ನೆನಪಾಯಿತು. ಶಿಫ್ಟ್ ಮುಗಿಸಿ ತೊಳೆದುಕೊಂಡಾಗ ಅಂಗೈ ಮೆತ್ತಗಿತ್ತು. ಉರಿಯಿಲ್ಲ, ಕೆಂಪಿಲ್ಲ.

ಮನೆಗೆ ಬಂದು ಚೀಲವನ್ನು ಅತ್ತೆಯ ಮುಂದಿಟ್ಟಳು. "ಸರ್ಜಾಪುರದ ಕೆರಿ ಮಣ್ಣು. ಇದರಾಗ ಏನೂ ಕೂಡಿಸಿಲ್ಲ. ನಾ ನೋಡೀನಿ."

ಮಲಕವ್ವ ನಂಬಲಾರದೆ ಸೊಸೆಯನ್ನು ನೋಡಿದಳು. ಚೀಲಕ್ಕೆ ಕೈ ಹಾಕಿ ಹಿಚುಕಿ, ಮೂಸಿ, ಒಂದು ಚೂರನ್ನು ನಾಲಿಗೆಯ ಮೇಲಿಟ್ಟು ನೋಡಿದಳು. "ನಮ್ಮೂರ ಎರಿ ಮಣ್ಣಿನಂಗಿಲ್ಲ. ಆದ್ರೂ ಛಲೋ ಐತಿ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು.

ಕೊನೆಯ ಮಂಗಳವಾರ ಸಂಜೆ ಪರಾತ ಮತ್ತೆ ಹೊರಗೆ ಬಂತು. ವಠಾರದ ಮಕ್ಕಳೆಲ್ಲ ಬಾಗಿಲಿಗೆ ಮುಗಿಬಿದ್ದವು. ಭಾಗಿ ಮಾತ್ರ ಗೋಡೆಗೆ ಒರಗಿ ದೂರ ಕೂತಳು.

"ಉರೀತೈತಿ. ನಾ ಒಲ್ಲೆ."

ಸವಿತಾ ಸೆರಗು ಸಿಕ್ಕಿಸಿ ತಾನೇ ಮೊದಲು ಕೈ ಹಾಕಿದಳು. ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿಟ್ಟು ಮಗಳ ಮುಂದೆ ಚಾಚಿದಳು. "ನಿನ್ನೆ ದಿನಪೂರ್ತಿ ಹಿಂಗ ಹಿಡಕೊಂಡಿದ್ದೆ. ನೋಡು ನನ್ನ ಕೈ, ಸುಟ್ಟೈತೇನು?"

"ದಿನಪೂರ್ತಿ? ಆಫೀಸಿನ್ಯಾಗೂ?"

"ಆಫೀಸಿನ್ಯಾಗೂ."

"ಮೇಡಂ ಬೈಲಿಲ್ಲೇನು?"

"ಬೈದ್ರು. ಬೈಲಿ ತಗೋ."

ಮಗುವಿಗೆ ನಗು ಬಂತು. ಅಮ್ಮನ ಅಂಗೈಯನ್ನು ಮೂಸಿ ನೋಡಿತು. ಆಮೇಲೆ ಫ್ರಾಕಿನೊಳಗಿಂದ ಮುಷ್ಟಿ ತೆಗೆದು, ಆ ಮಣ್ಣಿನ ಮೇಲೆ ಮೆಲ್ಲಗೆ ಇಟ್ಟಿತು. ಮಡಚಿದ ಬೆರಳು ಸವಿತಾಳ ಕೈಗೆ ಎಟುಕುವಂತಿದ್ದವು. ಹಿಡಿದು ಎಳೆಯಬೇಕೆಂದು ಕೈ ತುಡಿಯಿತು. ಎಳೆಯಲಿಲ್ಲ. ಸುಮ್ಮನೆ ಹಾಗೇ ಹಿಡಿದುಕೊಂಡಳು. ಸ್ವಲ್ಪ ಹೊತ್ತಿಗೆ ಮಗು ತಾನೇ ಒಂದು ಗುದ್ದು ಹಾಕಿತು. ಇನ್ನೊಂದು ಹಾಕಿತು.

ಆಮೇಲೆ ಕೇಳಬೇಕೇ! ನಾದಿದರು, ತಟ್ಟಿದರು, ಉರುಟಿದರು. ಮಲಕವ್ವ ತಲೆ ಮಾಡಿದಳು, ಭಾಗಿ ಹೊಟ್ಟೆ ಮಾಡಿದಳು. ಹೊಟ್ಟೆ ದುಂಡಗಾಗಬೇಕಾದರೆ ತೀಡಬೇಕು, ಮುಷ್ಟಿಯಿಂದ ತೀಡಲು ಬರುವುದಿಲ್ಲ. ಮಣ್ಣಿನಲ್ಲಿ ಮುಚ್ಚಿಹೋದ ಆ ಕೈ ಒಳಗೊಳಗೆ ಏನು ಮಾಡುತ್ತಿತ್ತೋ, ಸವಿತಾಳಿಗೆ ಕಾಣಲಿಲ್ಲ. ಕಣ್ಣಿಗೆಂದು ಇಟ್ಟಿದ್ದ ಕಡಲೆಕಾಳನ್ನು ಲಿಖಿತ ತಿಂದುಬಿಟ್ಟ, ಬೇರೆ ಹುಡುಕಬೇಕಾಯಿತು. ಕೃಷ್ಣಮ್ಮ ಬೈಯುವುದಕ್ಕೆಂದೇ ಮೇಲೆ ಹತ್ತಿ ಬಂದಳು. ಬಾಗಿಲಲ್ಲಿ ನಿಂತು ಅಷ್ಟೂ ಮಕ್ಕಳನ್ನು ನೋಡಿದಳು, ಕೆಳಗಿಳಿದು ಹೋದಳು, ಹರಿದ ಮುತ್ತಿನ ಸರವೊಂದನ್ನು ಹಿಡಿದು ಮತ್ತೆ ಬಂದಳು.

"ತಗೋ, ಹಾಕಮ್ಮ ನಿಮ್ಮ ದೇವ್ರಿಗೆ. ನಲ್ಲಿ ಹತ್ರ ಮಾತ್ರ ಕೈ ತೊಳೀಬೇಡಿ, ನಿಮ್ಮ ದಮ್ಮಯ್ಯ."

ಮಕ್ಕಳು ತಟ್ಟೆ ಹಿಡಿದು ಗಲಾಟೆ ಮಾಡುತ್ತ ಓಣಿಗೆ ಇಳಿದ ಮೇಲೆ ಸವಿತಾ ಪರಾತ ತೊಳೆಯುತ್ತ ಕೇಳಿದಳು: "ಅತ್ತಿ, ನಾಳಿ ಬುತ್ತಿಗೆ ರೊಟ್ಟಿ ಬ್ಯಾಡೇನ್ರಿ?"

ಮಲಕವ್ವ ಮಣ್ಣಿನ ಚೀಲ ಮಡಚಿಟ್ಟಳು. "ಬ್ಯಾಡವ್ವಾ. ಚಪಾತಿ ತರಸೂಣು."

"ಗುಳ್ಳವ್ವನ ಕಳಸಾಕ ಅಂಗಡಿ ಚಪಾತಿ ಕಟಗೊಂಡು ಹೋಗೂಣ?"

"ನನ್ನ ಕೈ ನಡಗ್ತಾವ ಸವಿತಾ. ಎಸರು ಕುದಿಯೂ ಸಪ್ಪಳ ಕೇಳಿದ್ರ..." ಮುದುಕಿ ಮಂಚದ ಕೆಳಗಿನ ಹಂಚಿನ ಕಡೆ ನೋಡಿದಳು.

"ಎಸರು ನಾ ಇಡ್ತೀನಿ. ಮಕ್ಕಳನ್ನ ನಾ ಹಿಡಕೊಂಡು ಕುಂಡ್ರತೀನಿ. ನೀವು ಬಡೀರಿ. ಅವತ್ತು ನಾನಿದ್ರೂ ಹಂಗ ಆಗ್ತಿತ್ತು ಅತ್ತಿ. ಸಿಟ್ಟಿನ್ಯಾಗ ಅಂದೆ."

ಬುಧವಾರ ಬೆಳಗ್ಗೆ ಮಂಚದ ಕೆಳಗಿನ ಹಂಚು ಒಲೆಗೇರಿತು. ಸವಿತಾ ವಾರದ ರಜೆಯನ್ನು ಆ ದಿನಕ್ಕೆ ಬದಲಾಯಿಸಿಕೊಂಡಿದ್ದಳು. ರೇವಣಸಿದ್ದ ಅರ್ಧ ದಿನದ ಕೂಲಿ ಬಿಟ್ಟು ನಿಂತಿದ್ದ. ಪಟಪಟಪಟ ಎಂದು ರೊಟ್ಟಿ ಬಡಿಯುವ ಸದ್ದು ತಿಂಗಳುಗಟ್ಟಲೆ ಆದ ಮೇಲೆ ಆ ಕೋಣೆಯಲ್ಲಿ ಎದ್ದಿತು. ಮೊದಲ ರೊಟ್ಟಿ ಹರಿಯಿತು. ಎರಡನೆಯದು ಹಂಚಿನ ಮೇಲೆ ಉಬ್ಬಿತು. ಬಾಗಿಲಾಚೆ ಅಮ್ಮನ ತೊಡೆಯ ಮೇಲೆ ಕೂತಿದ್ದ ಭಾಗಿ, "ಆಯಿ ರೊಟ್ಟಿ ಉಬ್ಬಿಸಿದ್ಲು!" ಎಂದು ಕೂಗಿದಳು. ಶೇಂಗಾ ಚಟ್ನಿ, ಪುಂಡಿಪಲ್ಯ, ಮೊಸರು ಸೇರಿ ಬುತ್ತಿಯ ಗಂಟು ದಪ್ಪವಾಯಿತು.

ಅಗ್ರಹಾರದ ಕೆರೆ ದೂರವೇನಿಲ್ಲ. ಒಂದು ಬದಿಗೆ ಗಾಜಿನ ಕಟ್ಟಡಗಳು, ಇನ್ನೊಂದು ಬದಿಗೆ ತಗಡಿನ ಶೆಡ್ಡುಗಳು, ನಡುವೆ ಬೇಲಿ ಹಾಕಿದ ನೀರು. ಗೇಟಿನಲ್ಲಿ ಕಾವಲುಗಾರ ತಡೆದ.

"ಒಳಗೆ ಏನೂ ಬಿಡಂಗಿಲ್ಲಮ್ಮ. ಪಿಓಪಿ, ಬಣ್ಣ ಏನೂ ನಡಿಯಲ್ಲ."

"ಬಣ್ಣಿಲ್ಲ, ಏನಿಲ್ಲ. ಬರೇ ಮಣ್ಣಪಾ. ಕೆರೀದು, ಕೆರಿಗೇ ಹೋಗತೈತಿ," ಎಂದಳು ಮಲಕವ್ವ. ಮುತ್ತಿನ ಸರವನ್ನು ಆಗಲೇ ಬಿಚ್ಚಿ ಸೆರಗಿಗೆ ಕಟ್ಟಿಕೊಂಡಿದ್ದಳು.

"ಸಿಮೆಂಟು ಇಲ್ಲಣ್ಣ. ಅದು ಮನೇಲಿ ಐತೆ," ಎಂದು ಭಾಗಿ ಗಂಭೀರವಾಗಿ ಹೇಳಿದಳು. ರೇವಣಸಿದ್ದ ಬೇರೆ ಕಡೆ ನೋಡಿದ. ಕಾವಲುಗಾರ ಗುಳ್ಳವ್ವನ ಬೆನ್ನನ್ನು ಬೆರಳಿನಿಂದ ಒತ್ತಿ ನೋಡಿ, ಬೆರಳು ಒರೆಸಿಕೊಂಡು ದಾರಿ ಬಿಟ್ಟ.

ಕಲ್ಲಿನ ಸೋಪಾನದ ಕೊನೆಯಲ್ಲಿ ನೀರು ತಿಳಿಯಾಗಿತ್ತು. ಭಾಗಿ ಕೂತಳು. ಪಕ್ಕದಲ್ಲಿ ಲಿಖಿತ ನೀರಿಗೆ ಬೀಳದಂತೆ ಎಡಗೈಯಲ್ಲಿ ಅವನ ಅಂಗಿ ಹಿಡಿದುಕೊಂಡಳು. ಅಕ್ಕನ ಜವಾಬ್ದಾರಿ ಅವಳಿಗೆ ಬಹಳ. ಹಾಗಾಗಿ ಉಳಿದದ್ದು ಬಲಗೈ ಒಂದೇ.

"ಇಡು ಆಯಿ," ಎಂದು ಆ ಕೈ ಚಾಚಿದಳು.

ಮಲಕವ್ವ ಗುಳ್ಳವ್ವನನ್ನು ಆ ಪುಟ್ಟ ಕೈಯ ಮೇಲೆ ಕೂರಿಸಿ, ತನ್ನ ಕೈಯನ್ನು ಕೆಳಗೆ ಆಸರೆ ಕೊಟ್ಟಳು. ಇಬ್ಬರ ಕೈಯೂ ಸೇರಿ ನೀರಿಗಿಳಿದವು. ನೀರು ಸೊಂಟ ಮುಟ್ಟಿತು, ಕೊರಳು ಮುಟ್ಟಿತು, ಕಾಳಿನ ಕಣ್ಣು ಮುಳುಗಿತು. ಗುಳ್ಳವ್ವನ ಸುತ್ತ ಕಪ್ಪು ಹೊಗೆಯಂತೆ ಎದ್ದು ನೀರೆಲ್ಲ ಕದಡಿತು. ಮಲಕವ್ವ ಮೆಲ್ಲಗೆ ತನ್ನ ಕೈ ತೆಗೆದುಕೊಂಡಳು. ಕೆರೆಯ ಆಚೆ ಆಫೀಸಿನ ಬಸ್ಸುಗಳ ಸದ್ದು ಕೇಳುತ್ತಿತ್ತು. ಲಿಖಿತನೂ ಬಾಯಿ ತೆರೆದುಕೊಂಡು ನೋಡುತ್ತಿದ್ದ.

ಎಷ್ಟೋ ಹೊತ್ತಿನ ಮೇಲೆ ನೀರು ತಿಳಿಯಾಯಿತು. ಗುಳ್ಳವ್ವ ಇರಲಿಲ್ಲ. ಅವಳು ಕೂತಿದ್ದ ಜಾಗದಲ್ಲಿ, ನೀರಿನ ಕೆಳಗೆ, ಮಗುವಿನ ಅಂಗೈ ಇತ್ತು. ಬಿಚ್ಚಿದ ಅಂಗೈ. ಹೆಬ್ಬೆರಳು ಆ ಕಡೆ, ಮೂರು ಬೆರಳು ಈ ಕಡೆ, ಕಿರುಬೆರಳೊಂದು ಇನ್ನೂ ಕೊಂಚ ಬಾಗಿತ್ತು. ಸಂಕ್ರಾಂತಿಯ ನಂತರ ಯಾರೂ ಹೀಗೆ ಪೂರ್ತಿ ಬಿಚ್ಚಿದ್ದು ಕಾಣದ ಆ ಅಂಗೈ, ಗುಲಾಬಿ ಬಣ್ಣದ ಕಲೆ, ಅದರ ನಡುವೆ ಉಳಿದುಕೊಂಡ ಹುಟ್ಟಿನ ಗೆರೆಗಳು, ಎಲ್ಲ ಕಾಣುತ್ತಿದ್ದವು. ಸವಿತಾ ಅತ್ತೆಯ ರಟ್ಟೆ ಹಿಡಿದುಕೊಂಡಳು. ಮಲಕವ್ವ ಆಗಲೇ ನೋಡಿದ್ದಳು. ಅವಳ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು.

"ಸುಮ್ನಿರು," ಎಂದು ಪಿಸುಗುಟ್ಟಿದಳು. "ಈಗ ಏನೂ ಹೇಳಬ್ಯಾಡ. ಮತ್ತ ಮುಚ್ಚಿಕೊಂಡಾಳು."

ರೇವಣಸಿದ್ದ ಬೇಲಿಯ ಕಡೆ ತಿರುಗಿ ನಿಂತು, ಕಣ್ಣಿಗೆ ಧೂಳು ಬಿತ್ತೆಂದು ಉಜ್ಜಿಕೊಂಡ.

ಭಾಗಿಗೆ ಇದಾವುದರ ಅರಿವೂ ಇಲ್ಲ. ನೀರು ಸೋರುವ ಕೈಯನ್ನು ಎತ್ತಿ ಎಲ್ಲರಿಗೂ ತೋರಿಸಿದಳು. "ಹೋದ್ಲು ನೋಡ್ರಿ! ಈ ಸಲ ಖರೇನ ಹೋದ್ಲು. ಇನ್ನ ಬರೂ ವರ್ಷ ಬರ್ತಾಳಲ್ಲ ಆಯಿ?"

"ಬರ್ತಾಳ ನನ್ನ ಬಂಗಾರ. ಬರದ ಎಲ್ಲಿ ಹೋಗ್ತಾಳ?"

"ಹಂಗಾರ ಬುತ್ತಿ ಬಿಚ್ಚವ್ವಾ. ನನಗ ಹಸಿವ್ಯಾಗೈತಿ."

ಸವಿತಾ ಗಂಟು ಬಿಚ್ಚಿದಳು. ತಟ್ಟೆ ಹುಡುಕುವಷ್ಟರಲ್ಲಿ ಮಗು ಆ ಒದ್ದೆ ಬಲಗೈಯನ್ನೇ ಮುಂದೆ ಚಾಚಿತ್ತು. ಸವಿತಾ ಸೆರಗಿನಿಂದ ಅದನ್ನು ಒರೆಸಿ, ಇನ್ನೂ ಬೆಚ್ಚಗಿದ್ದ ಒಂದು ರೊಟ್ಟಿಯನ್ನು ಅರ್ಧ ಮುರಿದು, ಮೇಲೆ ಚಟ್ನಿ ಹಾಕಿ, ಮಗಳ ಅಂಗೈಯ ಮೇಲಿಟ್ಟಳು.